ಕೋಣದ ಕುರ್ಚಿ

ಎಲ್ಲದಕ್ಕೂ ಮೂಲ ಕಟಿಂಗ್ ಅಂಗಡಿಯವನ ಕುರ್ಚಿ. ಅದರ ಕಾಲು ಮುರಿಯದೆ ಹೋಗಿದ್ದರೆ ಕಾವಲುಗಾರ ಇವತ್ತಿಗೂ ಕಂಬಕ್ಕೆ ಒರಗಿ ಬೀಡಿ ಸೇದುತ್ತ ನೆಮ್ಮದಿಯಾಗಿ ಇರುತ್ತಿದ್ದ. ಆದರೆ ಕಾಲು ಮುರಿಯಿತು, ದಪ್ಪನೆಯ ಗಿರಾಕಿಯೊಬ್ಬ ಮುಖದ ತುಂಬ ಸೋಪಿನ ನೊರೆ ಹೊತ್ತುಕೊಂಡು ನೆಲಕ್ಕೆ ಬಿದ್ದ, ಅಂಗಡಿಯವನು ತಲೆ ಕೆರೆದುಕೊಳ್ಳುತ್ತ ಕಾವಲುಗಾರನ ಹತ್ತಿರ ಬಂದ.

“ಅಣ್ಣಾ, ನಿನ್ನ ಕೋಣದ ಹೊಟ್ಟೇಲಿ ಒಂದು ಕುರ್ಚಿ ಸುಮ್ನೆ ಧೂಳು ತಿಂತಾ ಇದೆಯಲ್ಲ, ಅದನ್ನ ಸ್ವಲ್ಪ ದಿನಕ್ಕೆ ಕೊಡ್ತೀಯಾ? ನಿಂಗೂ ಅತ್ತಿಗೆಗೂ ಬದುಕಿರೋವರೆಗೂ ಕಟಿಂಗ್ ಪುಕ್ಕಟೆ.”

ಕೋಣ ಎಂದರೆ ಊರಿನ ನಡುವಿನ ಪುಟ್ಟ ಉದ್ಯಾನದಲ್ಲಿ ದಪ್ಪ ಸಿಮೆಂಟು ಕಂಬದ ಮೇಲೆ ಮೂಗು ಬಗ್ಗಿಸಿಕೊಂಡು ನಿಂತಿದ್ದ ಹಳೆಯ ಯುದ್ಧವಿಮಾನ. ಮೋಡದ ಮೇಲೆ ಹಾರಿ ಗುದ್ದಾಡುವ ಜಾತಿಯದಲ್ಲ ಅದು. ಮರದ ತುದಿ ಸವರಿಕೊಂಡು ಬಂದು ನೆಲದ ಮೇಲಿದ್ದವರನ್ನು ಬಡಿದು ಹೋಗುವ ಜಾತಿ. ಕಪ್ಪು ಮೈ, ದಪ್ಪ ಕುತ್ತಿಗೆ, ನಿಧಾನದ ನಡೆ. ಕೋಣ ಎಂದು ಹೆಸರಿಟ್ಟವರು ಸೈನ್ಯದವರೇ. ಯಮ ಯಾವುದರ ಮೇಲೆ ಬರುತ್ತಾನೆಂದು ಗೊತ್ತಿದ್ದವರಿಗೆ ಆ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಸ ವಿಮಾನಗಳು ಬಂದ ಮೇಲೆ ಕೋಣಗಳನ್ನೆಲ್ಲ ನಿವೃತ್ತಿ ಮಾಡಿ, ಕತ್ತರಿಸಿ, ಗುಜರಿಗೆ ಹಾಕಿದರು. ಈ ಒಂದನ್ನು ಮಾತ್ರ ಊರಿಗೆ ದಾನ ಕೊಟ್ಟರು. ಯಾಕೆಂದರೆ ಯುದ್ಧದಲ್ಲಿ ಅದು ಕೆಲಸ ಮಾಡಿದ್ದು ಇದೇ ಊರಿನ ಮೇಲೆ.

ಏನು ಕೆಲಸ ಎಂಬುದು ಕಂಬದ ಫಲಕದಲ್ಲಿದೆ. ಬರೆದವರು ಊರಿನ ನಿವೃತ್ತ ಮೇಷ್ಟ್ರು. ‘ಶತ್ರುಗಳು ದಾಟಿ ಬರಲಿದ್ದ ಸೇತುವೆಯನ್ನು ಈ ವಿಮಾನವು ಧೂಳೀಪಟ ಮಾಡಿತು. ಬೆಂಕಿ ಹತ್ತಿದರೂ ವೀರ ಪೈಲಟ್ ಹೊರಕ್ಕೆ ಹಾರಲಿಲ್ಲ. ವಿಮಾನವನ್ನು ಬಿಟ್ಟು ಹೋಗಲಿಲ್ಲ.’ ಇಷ್ಟನ್ನು ಓದಿ ತಲೆಯೆತ್ತಿದರೆ ಎದುರಿಗೇ ಆ ಸೇತುವೆ ಕಾಣುತ್ತದೆ, ಒಂದು ಕಲ್ಲೂ ಅಲುಗದೆ. ಬಾಂಬು ಬಿದ್ದದ್ದು ಈಚೆ ದಡದ ಹಿಟ್ಟಿನ ಗಿರಣಿಯ ಮೇಲೆ. ಯಾರಾದರೂ ಕೇಳಿದರೆ ಮೇಷ್ಟ್ರು, “ಇತಿಹಾಸವನ್ನ ದೂರದಿಂದ ನೋಡ್ಬೇಕಪ್ಪ” ಎನ್ನುತ್ತಿದ್ದರು. ಗಿರಣಿಯಲ್ಲಿ ಸತ್ತವರ ಹೆಸರು ಹಾಕಲು ಫಲಕದಲ್ಲಿ ಜಾಗ ಸಾಲಲಿಲ್ಲವಂತೆ. ಸತ್ತವರಲ್ಲಿ ಕಾವಲುಗಾರನ ಹೆಂಡತಿಯ ಅಪ್ಪನೂ ಒಬ್ಬ.

ಈಗ ಅದೇ ಕೋಣದ ಕೆಳಗೆ ಗಂಡ ಹೆಂಡತಿಯ ಸಂಸಾರ. ಕಂಬದ ಹೊಟ್ಟೆ ಟೊಳ್ಳು; ಅದರೊಳಗೆ ಒಂದು ಗುಂಡು ಕೋಣೆ, ಕಾವಲಿನ ಕೆಲಸದ ಜೊತೆಗೆ ಸಿಕ್ಕದ್ದು. ಮಂಚವನ್ನು ಹೇಗಿಟ್ಟರೂ ಗೋಡೆಗೆ ಕೂರುತ್ತಿರಲಿಲ್ಲ. ಆ ಮಂಚದ ಮೇಲೆ ಹೆಂಡತಿ. ಲಕ್ವ ಹೊಡೆದು ಬಲಗಡೆಯ ಮೈ ಬಿದ್ದುಹೋಗಿತ್ತು, ನಾಲಗೆಗೆ ಮಾತ್ರ ಏನೂ ಆಗಿರಲಿಲ್ಲ. “ಮೂಲೆ ಹಿಡಿದವಳು ಅಂತ ಊರೆಲ್ಲ ಅಂತಾರೆ. ಹಿಡಿಯೋಕೆ ಮೂಲೆಯಾದ್ರೂ ಬೇಡ್ವಾ ಈ ಮನೇಲಿ?” ಎಂದು ಅವಳೇ ನಗುತ್ತಿದ್ದಳು. ಅವರಿಗೆ ಮಕ್ಕಳಿಲ್ಲ, ಬೇರೆ ಸೂರಿಲ್ಲ. ಈ ಕೆಲಸ ಹೋದರೆ ಆ ಮಂಚವನ್ನು ಹೊತ್ತು ಎಲ್ಲಿಗೆ ಹೋಗುವುದೆಂಬ ಯೋಚನೆ ಬಂದರೆ ಕಾವಲುಗಾರನಿಗೆ ಕೈಕಾಲು ತಣ್ಣಗಾಗುತ್ತಿತ್ತು.

ಅಂಥವನು ಎಚ್ಚರದಿಂದ ಇರಬೇಕಿತ್ತು. ಆದರೆ ಬೇಲಿಯೇ ಎದ್ದು ಹೊಲ ಮೇಯ್ದಿತು. ಕುರ್ಚಿ ಕಟಿಂಗ್ ಅಂಗಡಿ ಸೇರಿತು. ಪೈಲಟ್ಟನ ತಲೆಯ ಮೇಲಿದ್ದ ಗಾಜಿನ ಮುಚ್ಚಳ ಪಕ್ಕದ ಬೀದಿಯ ಕೋಳಿಯಮ್ಮನ ಹಿತ್ತಲಿಗೆ ಹೋಗಿ ಕೋಳಿಗೂಡಾಯಿತು. ಅದರ ಋಣಕ್ಕೆ ಹೆಂಡತಿಗೆ ದಿನಾ ಒಂದು ಮೊಟ್ಟೆ ಬರುತ್ತಿತ್ತು. ಕುರ್ಚಿ ಬಿಚ್ಚುವಾಗ ಅದರಲ್ಲಿ ಉಕ್ಕಿನ ಪಿನ್ನಿನಿಂದ ಸಿಕ್ಕಿಸಿದ್ದ ಕೆಂಪು ಪಟ್ಟಿಯ ಬಳೆಯೊಂದು ಕಾವಲುಗಾರನ ಮನಸ್ಸಿಗೆ ಬಂದು, ಅದನ್ನು ಕೀಗೊಂಚಲಿಗೆ ಹಾಕಿಕೊಂಡಿದ್ದ. ಕೋಣ ಹೇಗೂ ಸತ್ತದ್ದು. ಸತ್ತದ್ದರ ಚರ್ಮ ಚಪ್ಪಲಿಗಾದರೂ ಆಗಲಿ ಎಂಬುದು ಅವನ ವಾದ.

ಆ ಬೆಳಿಗ್ಗೆ ಉದ್ಯಾನದ ಮೇಲ್ವಿಚಾರಕ ಫೋನು ಮಾಡಿದಾಗ ಕಾವಲುಗಾರ ಹೆಂಡತಿಗೆ ಗಂಜಿ ಕುಡಿಸುತ್ತಿದ್ದ.

“ಮಧ್ಯಾಹ್ನ ಪೈಲಟ್ ಸಾಹೇಬ್ರು ಬರ್ತಿದ್ದಾರೆ ಕಣಯ್ಯ. ಆ ವಿಮಾನ ಓಡಿಸಿದ್ದವರೇ. ಇನ್ನೇನು ಹೆಚ್ಚು ದಿನ ಇಲ್ಲವಂತೆ, ಕಣ್ಣು ಮುಚ್ಚೋ ಮುಂಚೆ ಒಂದ್ಸಲ ನೋಡ್ಬೇಕಂತೆ. ಎಲ್ಲ ಸರಿಯಾಗಿದೆ ತಾನೆ?”

“ಸರಿಯಾಗಿದೆ ಸಾರ್. ಸ್ವಲ್ಪ… ಗುಡಿಸ್ಬೇಕು.”

“ಒಂದು ಮೊಳೆ ಕಮ್ಮಿಯಾಗಿದ್ರೂ ಸಂಜೆ ಒಳಗೆ ಕೋಣೆ ಖಾಲಿ ಮಾಡಿಸ್ತೀನಿ. ತಿಳೀತಾ?”

ಚಮಚ ಗಂಜಿಯಲ್ಲಿ ಮುಳುಗಿತು. ಹೆಂಡತಿ ಗಂಡನ ಮುಖ ನೋಡಿದಳು. “ನಾನು ಹೇಳ್ಲಿಲ್ವಾ? ಹಂಚಿ ತಿನ್ನೋದಕ್ಕೆ ಅದೇನು ಹಲಸಿನ ಹಣ್ಣಾ? ಹೋಗಿ, ಎಲ್ಲಾನೂ ತಗೊಂಬನ್ನಿ. ಬಾಗಿಲು ಮುಂದಕ್ಕೆ ಎಳ್ಕೊಂಡು ಹೋಗಿ, ಬೆಕ್ಕು ಬರುತ್ತೆ.”

ಕೋಳಿಯಮ್ಮ ಹಿತ್ತಲಲ್ಲಿ ಸೊಂಟಕ್ಕೆ ಕೈಕೊಟ್ಟು ಅಡ್ಡ ನಿಂತಳು. “ಇವತ್ತಾಗಲ್ಲ. ಒಳಗೆ ಕೋಳಿ ಕಾವಿಗೆ ಕೂತಿದೆ.”

“ಅಕ್ಕಾ, ನನ್ನ ಸಂಸಾರ ಬೀದಿಗೆ ಬರುತ್ತೆ.”

“ನಿನ್ನ ಸಂಸಾರಕ್ಕೆ ಕಾಲಿದೆ, ಎಲ್ಲಿಗಾದ್ರೂ ನಡ್ಕೊಂಡು ಹೋಗುತ್ತೆ. ಮೊಟ್ಟೆಗಳು ಎಲ್ಲಿಗಪ್ಪ ಹೋಗ್ತವೆ?” ಎಂದವಳಿಗೆ ಮಂಚದ ಮೇಲಿನವಳ ನೆನಪಾಗಿರಬೇಕು, ನಾಲಗೆ ಕಚ್ಚಿಕೊಂಡು ಪಕ್ಕಕ್ಕೆ ಸರಿದಳು. ಮೊಟ್ಟೆಗಳನ್ನು ಬುಟ್ಟಿಗೆ ಹಾಕಿ ಕೋಳಿಯನ್ನು ಅದರ ಮೇಲೆ ಕೂರಿಸಿದರೆ ಅದು ಕೂರಲೊಲ್ಲದು. ಕಾವಲುಗಾರ ಮುಚ್ಚಳ ಹೊತ್ತು ಹೊರಟರೆ ರೆಕ್ಕೆ ಬಡಿಯುತ್ತ ಹಿಂದೆಯೇ ಬಂತು. ಅದಕ್ಕೆ ಮೊಟ್ಟೆಗಿಂತ ಮನೆಯ ಮೇಲೆ ಮಮತೆ.

ದಾರಿಯಲ್ಲಿ ಮೇಷ್ಟ್ರೂ ಜೊತೆಗೂಡಿದರು. ಕೈಯಲ್ಲಿ ಭಾಷಣ ಇತ್ತು. “ಗಾಬರಿ ಪಡ್ಬೇಡ. ಸಾಹೇಬ್ರಿಗೆ ಇತಿಹಾಸ ನಾನು ಹೇಳ್ತೀನಿ.”

“ಅದನ್ನ ಮಾಡಿದವ್ರೇ ಬರ್ತಿರೋದಲ್ವಾ ಮೇಷ್ಟ್ರೇ?”

“ಅವರು ಮಾಡಿರ್ಬಹುದು, ಆದ್ರೆ ಬರೆದಿರೋದು ನಾನು!” ಎಂದರು ಮೇಷ್ಟ್ರು.

ಕಟಿಂಗ್ ಅಂಗಡಿಯಲ್ಲಿ ಕೋಣದ ಕುರ್ಚಿ ಕನ್ನಡಿಯ ಮುಂದೆ ಮೆರೆಯುತ್ತಿತ್ತು. ಗಿರಾಕಿಯೊಬ್ಬ ಕಣ್ಣು ಮುಚ್ಚಿ ಅದರಲ್ಲಿ ಒರಗಿದ್ದ. ಎರಡು ತೊಡೆಗಳ ನಡುವೆ ಕುರ್ಚಿಗೇ ಇದ್ದ ಹಳದಿ ಕಪ್ಪು ಪಟ್ಟೆಯ ಬಳೆಯಂಥ ಹಿಡಿಯನ್ನು ಅವನು ಬಿಗಿಯಾಗಿ ಹಿಡಿದುಕೊಂಡಿದ್ದ.

“ಎಲ್ಲರೂ ಹಾಗೇ ಹಿಡ್ಕೊಳ್ಳೋದು, ಕತ್ತಿ ಗಂಟಲ ಹತ್ರ ಬಂದಾಗ,” ಎಂದ ಅಂಗಡಿಯವನು. “ಏನೋ ಧೈರ್ಯ ಅದು. ಕೆಲವರು ಜಗ್ಗಿಯೂ ನೋಡ್ತಾರೆ. ತುಕ್ಕು ಹಿಡಿದಿದೆ, ಅಲ್ಲಾಡಲ್ಲ.”

ವಿಷಯ ಕೇಳಿ ಅವನು ಒಳ್ಳೆಯ ಮನಸ್ಸಿನಿಂದಲೇ ಒಪ್ಪಿದ. ಅಷ್ಟೇ ಅಲ್ಲ, ಬೇರೆಯವರ ವಸ್ತುವನ್ನು ಮಾಸಲಾಗಿ ಹಿಂದಿರುಗಿಸುವವನಲ್ಲ ತಾನು ಎಂದು ಕುರ್ಚಿಯನ್ನು ಒರೆಸಿ, ತಲೆಗೆ ಹಚ್ಚುವ ಎಣ್ಣೆಯ ಸೀಸೆಯನ್ನೇ ಸಂದುಸಂದಿಗೂ ಬಗ್ಗಿಸಿದ. ಹಿಡಿಯ ಬುಡಕ್ಕೆ ಎರಡು ಪಾಲು ಹೆಚ್ಚು ಹಾಕಿ, ಬೆರಳಿನಿಂದ ಅತ್ತಿತ್ತ ಆಡಿಸಿ ನೋಡಿದ. “ನೋಡಣ್ಣ, ಈಗ ಹೊಸದರ ಹಾಗೆ! ಬೆಣ್ಣೆ!” ಉಪಕಾರ ಮಾಡುವ ಉಮೇದಿನಲ್ಲಿ ಊರಿನವರು ಏನೇನು ಮಾಡಿಬಿಡುತ್ತಾರೆ ಎನ್ನುವುದಕ್ಕೆ ಲೆಕ್ಕವಿಲ್ಲ.

ಕುರ್ಚಿ ಎತ್ತಿದರೆ ಹೆಣಭಾರ. ಕೊನೆಗೆ ತರಕಾರಿ ಗಾಡಿಯವನ ಕಾಲು ಹಿಡಿಯಬೇಕಾಯಿತು. ಅವನದು ಒಂಟಿ ಎತ್ತಿನ ಗಾಡಿ; ಕೋಸು ತುಂಬಿಕೊಂಡು ಸೇತುವೆ ದಾಟಿ ಆಚೆ ಊರಿನ ಸಂತೆಗೆ ಹೊರಟಿದ್ದವನು, ಗೊಣಗುತ್ತ ಕುರ್ಚಿಯನ್ನೂ ಮುಚ್ಚಳವನ್ನೂ ಹೇರಿಕೊಂಡ. ಕೋಸಿನ ರಾಶಿಯ ಮೇಲೆ ಕುರ್ಚಿ, ಕುರ್ಚಿಯ ಮೇಲೆ ಮೇಷ್ಟ್ರು, ಗಾಡಿಯ ಹಿಂದೆ ಅಂಗಡಿಯವನು, ಕಾವಲುಗಾರ, ಕೋಳಿ. ಹೀಗೆ ಮೆರವಣಿಗೆ ಹೊರಟಿತು.

ಅರ್ಧ ದಾರಿಯಲ್ಲಿ ಗಾಡಿ ಒಂದು ಪಕ್ಕಕ್ಕೆ ವಾಲಿತು. ಮೇಷ್ಟ್ರು “ಅಯ್ಯೋ” ಎಂದು ಹಿಡಿಗೆ ಕೈಹಾಕುವಷ್ಟರಲ್ಲಿ ಕಾವಲುಗಾರ ಅವರನ್ನು ಕಂಕುಳಿಗೆ ಕೈಕೊಟ್ಟು ಕೆಳಗಿಳಿಸಿದ. ಅಚ್ಚಿನ ತುದಿಯಲ್ಲಿ ಚಕ್ರ ಕಳಚದಂತೆ ತಡೆಯುವ ಕಡಾಣಿ ಎಲ್ಲೋ ಬಿದ್ದುಹೋಗಿತ್ತು. ಗಾಡಿಯವನು ತಲೆ ಮೇಲೆ ಕೈಹೊತ್ತು ಕೂತ. “ಮುಗೀತು. ನನ್ನ ಸಂತೇನೂ ಮುಗೀತು, ನಿನ್ನ ಕುರ್ಚೀನೂ ಮುಗೀತು.”

ಕಾವಲುಗಾರನಿಗೆ ಅಳು ಬರುವಂತಾಯಿತು. ಅತ್ತರೆ ಚಕ್ರ ನಿಲ್ಲುವುದಿಲ್ಲವಲ್ಲ. ಜೇಬು ತಡಕಿದ. ಕೀಗೊಂಚಲು ಕೈಗೆ ಸಿಕ್ಕಿತು. ಕೀಗಳನ್ನು ಕಳಚಿ, ಕೆಂಪು ಪಟ್ಟಿಯ ಬಳೆಗೆ ಅಂಟಿಕೊಂಡಿದ್ದ ಉಕ್ಕಿನ ಪಿನ್ನನ್ನು ಅಚ್ಚಿನ ತೂತಿಗೆ ತೂರಿಸಿದ. ಹೇಳಿ ಮಾಡಿಸಿದ ಹಾಗೆ ಕೂತಿತು.

“ಅಬ್ಬಾ!” ಎಂದ ಗಾಡಿಯವನು. “ಇದು ಹೋಗೋವರೆಗೂ ನನ್ನ ಚಕ್ರ ಹೋಗಲ್ಲ.”

“ನಿಂಗೇ ಇರ್ಲಿ ಬಿಡಣ್ಣ,” ಎಂದ ಕಾವಲುಗಾರ. ಆ ದಿನ ಅವನು ಸಂತೋಷದಿಂದ ಆಡಿದ ಮಾತು ಅದೊಂದೇ.

ಕಂಬದ ಬಳಿ ಗಾಡಿಯವನು, ಅಂಗಡಿಯವನು, ಕಾವಲುಗಾರ ಸೇರಿ ಕುರ್ಚಿಗೆ ಹಗ್ಗ ಕಟ್ಟಿ, ಕಬ್ಬಿಣದ ಮೆಟ್ಟಿಲಿನ ಮೇಲೆ ಎಳೆದು, ಬೆವರಿನಲ್ಲಿ ತೊಯ್ದು, ಅದರ ಜಾಗಕ್ಕೆ ಇಳಿಸಿದರು. ಮುಚ್ಚಳವನ್ನು ಮೇಲಕ್ಕೆತ್ತಿ ನಿಲ್ಲಿಸಿದರು. ಅದಕ್ಕೆ ಮೆತ್ತಿದ್ದ ಕೋಳಿ ಹಿಕ್ಕೆಯನ್ನು ಮೇಷ್ಟ್ರು ಭಾಷಣದ ಕೊನೆಯ ಹಾಳೆಯಿಂದ ಒರೆಸಿಕೊಟ್ಟರು. ಗಾಡಿಯವನು ಸಂತೆಗೆ ತಡವಾಯಿತೆಂದು ಎತ್ತಿನ ಬಾಲ ತಿರುವಿ ಹೊರಟ. ಕಾವಲುಗಾರ ಓಡಿಹೋಗಿ, ಮದುವೆಯಲ್ಲಿ ಕಟ್ಟಿದ್ದ ಹಿತ್ತಾಳೆ ಬಕ್ಕಲ್ಲಿನ ಅಗಲ ಬೆಲ್ಟನ್ನು ಸೊಂಟಕ್ಕೆ ಬಿಗಿದು ಬಂದ. ಕೆಲಸ ಉಳಿಯಿತು, ಮಂಚ ಉಳಿಯಿತು ಎಂದುಕೊಂಡು ಮೊದಲ ಸಲ ಉಸಿರು ಬಿಟ್ಟ.

ಪೈಲಟ್ ಬಂದದ್ದು ಗಾಲಿಕುರ್ಚಿಯಲ್ಲಿ. ಜೀಪಿನಿಂದ ಇಳಿಸಿ ತಳ್ಳಿಕೊಂಡು ಬಂದವನು ಸ್ವತಃ ಮೇಲ್ವಿಚಾರಕ. ಮುದುಕನ ಮುಖದ ಅರ್ಧ ಭಾಗ ಸುಟ್ಟು ಮಡಿಚಿದ ಕಾಗದದಂತಿತ್ತು; ಇನ್ನರ್ಧ ಭಾಗ ಸುಮ್ಮನೆ ಮುದಿಯಾಗಿತ್ತು. ಮೇಷ್ಟ್ರು ಭಾಷಣ ಶುರುಮಾಡಿದರು. ‘ಬಿಟ್ಟು ಹೋಗಲಿಲ್ಲ’ ಎಂಬ ಸಾಲು ಬಂದಾಗ ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು. ಮುದುಕ ಚಪ್ಪಾಳೆ ಮುಗಿಯುವವರೆಗೆ ಸೇತುವೆಯನ್ನೇ ನೋಡುತ್ತಿದ್ದ.

“ಸಾಹೇಬ್ರಿಗೆ ಮೇಲೆ ಹತ್ತೋಕಾಗಲ್ಲ,” ಎಂದ ಮೇಲ್ವಿಚಾರಕ. “ಲೋ, ನೀನು ಹೋಗಿ ಕುರ್ಚೀಲಿ ಕೂತ್ಕೋ. ಖಾಲಿ ಇದ್ರೆ ಚೆನ್ನಾಗಿ ಕಾಣಲ್ಲ. ಫೋಟೋ ತೆಗೀಬೇಕು.”

ಕಾವಲುಗಾರ ಹತ್ತಿ ಕೂತ. ಮೇಲಿಂದ ಊರು ಅಂಗೈಯಲ್ಲಿಟ್ಟಂತೆ ಕಾಣುತ್ತಿತ್ತು. ಇಷ್ಟು ದಿನ ಕೆಳಗಿದ್ದವನಿಗೆ ಕೊಂಚ ಹೆಮ್ಮೆಯೂ ಆಯಿತು. ಮುದುಕ ತಲೆಯೆತ್ತಿ ನೋಡಿದಾಗ ಸುಮ್ಮನೆ ಕೂತಿರುವುದು ಮರ್ಯಾದೆಯಲ್ಲ ಎನ್ನಿಸಿ, ಎದ್ದು ಸಲಾಮು ಹೊಡೆಯಲು ಹೋದ. ಹಿತ್ತಾಳೆ ಬಕ್ಕಲ್ಲು ಹಳದಿ ಕಪ್ಪು ಹಿಡಿಗೆ ಸಿಕ್ಕಿಕೊಂಡಿತ್ತು. ಅವನು ಎದ್ದಷ್ಟೂ ಹಿಡಿಯೂ ಎದ್ದಿತು, ಬೆಣ್ಣೆಯಲ್ಲಿ ಜಾರಿದ ಹಾಗೆ.

ಟಕ್ ಎಂದಿತು.

“ಅಲ್ಲಾಡ್ಬೇಡ!” ಮುದುಕನ ಗಂಟಲಿನಿಂದ ಅಂಥ ಕೂಗು ಬರುತ್ತದೆಂದು ಯಾರೂ ಎಣಿಸಿರಲಿಲ್ಲ. “ಹಾಗೇ ಇರು! ಕೂರ್ಬೇಡ, ಏಳ್ಬೇಡ! ಪಿನ್ನು ಹಾಕಿದ್ಯೇನೋ?”

ಅರ್ಧ ಎದ್ದು ಅರ್ಧ ಕೂತ ಕಾವಲುಗಾರನಿಗೆ ಏನೂ ತಿಳಿಯಲಿಲ್ಲ. “ಯಾವ ಪಿನ್ನು ಸಾರ್?”

“ಆ ಕುರ್ಚಿ ಅಡಿ, ಪೈಲಟ್ ಹೊರಕ್ಕೆ ಹಾರೋಕೆ ಅಂತ, ಸಿಡಿಮದ್ದಿದೆ. ಹಿಡಿ ಪೂರ್ತಿ ಬಂದ್ರೆ ಮದ್ದು ಹತ್ತಿ, ಕೂತವನ ಸಮೇತ ಕುರ್ಚಿ ಆಕಾಶಕ್ಕೆ ಹೋಗುತ್ತೆ. ಕೆಳಗಿರೋದು ಬೆಂದು ಹೋಗುತ್ತೆ.”

ಮೇಲ್ವಿಚಾರಕ ಪೆಚ್ಚಾಗಿ ನಕ್ಕ. “ಮದ್ದು ತೆಗೆದೇ ಕೊಟ್ಟಿರ್ತಾರೆ ಸಾರ್, ನಿಮ್ಮ ಸೈನ್ಯದವರು.”

“ನಮ್ಮವರು ನೀವು ತೆಗೀತೀರಿ ಅಂದ್ಕೊಂಡಿರ್ತಾರೆ. ನೀವು ತೆಗೆದ್ರಾ?”

ಕಟಿಂಗ್ ಅಂಗಡಿಯವನು ತನ್ನ ಗಂಟಲು ಮುಟ್ಟಿಕೊಂಡ. ಇಷ್ಟು ದಿನ ಯಾರ ಗಂಟಲ ಮೇಲೆ ಎಂಥ ಕತ್ತಿಯಿತ್ತು ಎಂಬುದು ಅವನಿಗೆ ಆಗ ಹೊಳೆದಿರಬೇಕು. ಅವನೇ ಮೊದಲು ಓಡಿದ್ದು. ಅವನ ಹಿಂದೆ ಬೀದಿಗೆ ಬೀದಿಯೇ ಓಡಿತು. ಭಾಷಣದ ಹಾಳೆಗಳು ಹಾರಿದವು, ಮೇಷ್ಟ್ರು ಅವುಗಳಿಗಿಂತ ಮುಂದೆ ಹಾರಿದರು. ಮೇಲ್ವಿಚಾರಕ ಗಾಲಿಕುರ್ಚಿಯ ಹಿಡಿಯನ್ನು ಯಾವಾಗ ಬಿಟ್ಟನೋ ಯಾರಿಗೂ ಕಾಣಲಿಲ್ಲ.

“ಪಿನ್ನು ಅಂದ್ರೆ ಬೆರಳುದ್ದದ ಉಕ್ಕಿನದು,” ಮುದುಕ ಕೂಗಿ ಹೇಳಿದ. “ತುದೀಲಿ ಬಳೆ, ಬಳೆಗೆ ಕೆಂಪು ಪಟ್ಟಿ. ಹಿಡಿ ಪಕ್ಕದ ತೂತಿಗೆ ಅದನ್ನ ಹಾಕಿದ್ರೆ ಮುಗೀತು, ಏನೂ ಆಗಲ್ಲ. ಎಲ್ಲಿದೆ ಅದು?”

ಕಾವಲುಗಾರ ತಲೆಯನ್ನು ಮಾತ್ರ ಮೆಲ್ಲಗೆ ತಿರುಗಿಸಿದ. ದೂರದಲ್ಲಿ ಸೇತುವೆಯ ಮೇಲೆ ಕೋಸಿನ ಗಾಡಿ ಹೋಗುತ್ತಿತ್ತು. ಗಾಡಿ ಕುಲುಕಿದಂತೆಲ್ಲ ಚಕ್ರದ ನಡುವೆ ಒಂದು ಕೆಂಪು ಚುಕ್ಕೆ ಅಲುಗುತ್ತಿತ್ತು.

“ಅದ್ರ ಪಟ್ಟಿ ಮೇಲೆ ‘ತೆಗೆಯಿರಿ’ ಅಂತ ಬರೆದಿತ್ತು ಸಾರ್,” ಎಂದ ಅಳುದನಿಯಲ್ಲಿ. “ಉಳಿದ ಅಕ್ಷರ ಅಳಿಸಿ ಹೋಗಿತ್ತು. ಅದಕ್ಕೇ ತೆಗೆದೆ. ಈಗ ತರಕಾರಿ ಗಾಡಿ ಚಕ್ರದಲ್ಲಿದೆ.”

ಮುದುಕ ಬೀದಿಯ ತುದಿಯ ಕಡೆ ತಿರುಗಿ ಕೂಗಿದ. “ತರಕಾರಿ ಗಾಡಿ! ತರಕಾರಿ ಗಾಡಿ ಹಿಡೀರಿ! ಚಕ್ರದಲ್ಲಿ ಪಿನ್ನಿದೆ!”

ಗೋಡೆಯ ಹಿಂದಿನಿಂದ ಮೇಲ್ವಿಚಾರಕ ತನ್ನ ಡ್ರೈವರನಿಗೆ ಏನೋ ಕಿರುಚಿದ. ಜೀಪು ಧೂಳೆಬ್ಬಿಸಿ ಹೊರಟು, ಸೇತುವೆಯ ಕಡೆಗಲ್ಲ, ಎಡಕ್ಕೆ ತಿರುಗಿ ಊರಿನ ತರಕಾರಿ ಮಾರುಕಟ್ಟೆಯ ಕಡೆ ಓಡಿತು. ತರಕಾರಿ ಗಾಡಿ ಅಂದರೆ ಮಾರುಕಟ್ಟೆ ತಾನೇ? ಕಾವಲುಗಾರ ಮೇಲಿಂದ ಎರಡನ್ನೂ ನೋಡಿದ: ಎಡಕ್ಕೆ ಜೀಪು, ಬಲಕ್ಕೆ ಗಾಡಿ. ಕೈಬೀಸಿ ತೋರಿಸಬೇಕೆಂದರೆ ಕೈಯೆತ್ತುವ ಹಾಗಿಲ್ಲ. ಕೂಗಿದರೆ ಹೊಟ್ಟೆ ಅಲುಗಿ ಬೆಲ್ಟು ಅಲುಗೀತು.

“ನೀನೇನೂ ಹೆದರ್ಬೇಡ ಕಣೋ!” ಗೋಡೆಯಾಚೆಯಿಂದ ಮೇಲ್ವಿಚಾರಕನ ದನಿ ಬಂತು. “ಅಲ್ಲೇ ಇರು! ನಿನ್ನ ಕೆಲಸ ಖಾಯಂ!”

ಬೀದಿ ಖಾಲಿಯಾಯಿತು. ಉಳಿದವರು ಮೂರೇ ಜನ, ಮೂವರೂ ಎದ್ದು ಓಡಲಾರದವರು. ಮುದುಕ ಗಾಲಿಗಳನ್ನು ತಾನೇ ತಿರುಗಿಸಿಕೊಂಡು ಕಂಬದ ಬುಡಕ್ಕೆ ಬಂದು ಫಲಕ ಓದಿದ.

“ಬಿಟ್ಟು ಹೋಗಲಿಲ್ಲವಂತೆ,” ಎಂದ ಮೇಲಕ್ಕೆ ನೋಡಿ. “ಎಳೆದೆ ಕಣಪ್ಪ ನಾನು. ಮುಖಕ್ಕೆ ಬೆಂಕಿ ಹತ್ತಿದಾಗ ಎರಡೂ ಕೈಯಲ್ಲಿ ಆ ಹಿಡಿ ಎಳೆದೆ. ಬರ್ಲಿಲ್ಲ. ಹೊರಡೋ ಮುಂಚೆ ಪಿನ್ನು ತೆಗೀಬೇಕಾಗಿದ್ದವನು ಮರೆತಿದ್ದ. ಬೇರೆ ದಾರಿ ಇಲ್ದೆ ಕೋಣವನ್ನ ಹೊಲಕ್ಕೆ ಇಳಿಸಿದೆ. ಅದಕ್ಕೆ ಪದಕ ಕೊಟ್ರು. ಆ ಪಿನ್ನಿಗೆ ನಾನು ದಿನಾ ಶಾಪ ಹಾಕಿದ್ದೀನಿ. ಇವತ್ತು ಅದೇ ಬೇಕಾಗಿದೆ ನೋಡು.”

ಅರ್ಧ ಎದ್ದ ಕಾವಲುಗಾರನ ತೊಡೆಗಳು ಸೋಲತೊಡಗಿದ್ದವು. ತನ್ನ ಜೀವದ ಚಿಂತೆಗಿಂತ, ಅಡಿಯ ಗುಂಡು ಕೋಣೆಯಲ್ಲಿ ಮಲಗಿದ್ದವಳ ಚಿಂತೆ ಅವನ ಎದೆಯನ್ನು ಹಿಂಡುತ್ತಿತ್ತು. ಅಷ್ಟರಲ್ಲಿ ಅವಳೇ ಕರೆದಳು.

“ಏನ್ರೀ? ಎಲ್ಲ ಹೋದ್ರಾ? ಸದ್ದೇ ಇಲ್ಲ. ಒಂಚೂರು ನೀರು ಕೊಡಿ, ಬಾಯೊಣಗ್ತಿದೆ.”

“ಬಂದೆ… ಇರು,” ಎಂದ ಕಾವಲುಗಾರ, ತುಟಿಯನ್ನಷ್ಟೇ ಅಲುಗಿಸಿ.

“ನಾನು ಕೊಡ್ತೀನಿ,” ಎಂದು ಮುದುಕ ಬಾಗಿಲು ತಳ್ಳಿಕೊಂಡು ಒಳಗೆ ಹೋದ. ಟೊಳ್ಳು ಕಂಬದಲ್ಲಿ ಒಳಗಿನ ಮಾತೆಲ್ಲ ಮೇಲಕ್ಕೆ ಕೇಳುತ್ತಿತ್ತು. ಲೋಟದ ಸದ್ದು, ನೀರು ಗುಟುಕರಿಸುವ ಸದ್ದು.

“ಯಾರು ನೀವು?”

“ಮೇಲಿರೋದನ್ನ ಓಡಿಸ್ತಿದ್ದವನು, ಅಮ್ಮ.”

ಲೋಟ ನೆಲಕ್ಕಿಟ್ಟ ಸದ್ದಾಯಿತು. ಆಮೇಲೆ ಹೆಂಡತಿ ಕೇಳಿದಳು. “ಗಿರಣಿ?”

“ನಾನೇ. ಸೇತುವೆಗೆ ಗುರಿಯಿಟ್ಟಿದ್ದೆ.”

“ಅಲ್ಲಿ ನಮ್ಮಪ್ಪ ಹಿಟ್ಟು ತುಂಬ್ತಿದ್ರು.”

ಕಾವಲುಗಾರ ಉಸಿರು ಹಿಡಿದು ಕಾದ. ಹೆಂಡತಿಯ ನಾಲಗೆ ಏನೇನು ಮಾಡಬಲ್ಲದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

“ಇನ್ನೊಂದು ಲೋಟ ಕೊಡಿ,” ಎಂದಳು ಅವಳು. ಕುಡಿದ ಮೇಲೆ ಕೇಳಿದಳು, “ನಮ್ಮವರೆಲ್ಲಿ?”

“ಮೇಲೆ ಕೂತಿದ್ದಾರೆ.”

“ಎಲ್ಲರೂ ಓಡಿದ್ರೂ ಅವರು ನನ್ನ ಬಿಟ್ಟು ಹೋಗ್ಲಿಲ್ಲ ಅಲ್ವಾ?”

“ಇಲ್ಲಮ್ಮ,” ಎಂದ ಮುದುಕ. “ನನ್ನ ಹಾಗೇ, ಬಿಟ್ಟು ಹೋಗ್ಲಿಲ್ಲ.”

ಸೇತುವೆಯ ಆಚೆ ತುದಿಯಲ್ಲಿ ಕೆಂಪು ಚುಕ್ಕೆ ಮರೆಯಾಯಿತು. ಕಾವಲುಗಾರನ ಕಣ್ಣಿಂದ ನೀರಿಳಿದು ಮೀಸೆಯಲ್ಲಿ ನಿಂತಿತು, ಒರೆಸಿಕೊಳ್ಳುವ ಹಾಗೂ ಇರಲಿಲ್ಲ. ಆಗ ಕಬ್ಬಿಣದ ಮೆಟ್ಟಿಲಿನ ಮೇಲೆ ಟಪಟಪ ಸದ್ದಾಯಿತು. ಪುಣ್ಯಾತ್ಮನೊಬ್ಬ ಹತ್ತಿ ಬರುತ್ತಿದ್ದಾನೆಂದು ಅವನು ಕಣ್ಣು ಹೊರಳಿಸಿ ನೋಡಿದ.

ಬಂದದ್ದು ಕೋಳಿ. ಎತ್ತಿ ನಿಲ್ಲಿಸಿದ್ದ ಗಾಜಿನ ಮುಚ್ಚಳವನ್ನು ಕತ್ತು ಓರೆಮಾಡಿ ಗುರುತು ಹಿಡಿಯಿತು. ತನ್ನ ಮನೆಯೇ ಎಂದು ಖಾತ್ರಿಯಾದ ಮೇಲೆ ಒಳಕ್ಕೆ ಜಿಗಿದು, ಕಾವಲುಗಾರನ ತೊಡೆಗಳ ನಡುವೆ, ಹಳದಿ ಕಪ್ಪು ಹಿಡಿಯ ಮೇಲೆ ರೆಕ್ಕೆ ಕೆದರಿಕೊಂಡು ಕಾವಿಗೆ ಕೂತಿತು.